ಚಾರ್ಜ್ ಹತ್ತಲ್ಲ, ಏರಲ್ಲ, ನಿಲ್ಲಲ್ಲ: ‘ಬ್ಯಾಟರಿ ಹೆಲ್ತ್’ ಅನ್ನೋದನ್ನ ಕನ್ನಡದಲ್ಲಿ ಹೇಗೆ ಬರೆಯೋಣ?

ಎಲ್ಲರಿಗೂ ನಮಸ್ಕಾರ.

ಫೋನ್‌ಗಳ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತಾಗಲೆಲ್ಲ ‘ಬ್ಯಾಟರಿ ಹೆಲ್ತ್’ ಅನ್ನೋ ಮಾತಿನ ಹತ್ತಿರ ಬಂದು ನಿಲ್ಲುತ್ತೇನೆ. ಹೆಚ್ಚಿನವರು ಇದನ್ನು ‘ಬ್ಯಾಟರಿ ಆರೋಗ್ಯ’ ಅಂತ ಬರೆಯುತ್ತಾರೆ. ನನಗೆ ಅದು ಸರಿ ಅನ್ನಿಸುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ. ಜೊತೆಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಜನ ಆಡುವ ಕೆಲವು ಮಾತುಗಳ ಬಗ್ಗೆ ನಿಮ್ಮನ್ನು ಕೇಳಬೇಕಾಗಿದೆ.

ಮೊದಲು ವಿಷಯ ಏನು ಅಂತ ನೋಡೋಣ. ಹೊಸ ಫೋನ್‌ನ ಬ್ಯಾಟರಿ 5000 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಅಳತೆ) ಅಂತಿಟ್ಟುಕೊಳ್ಳಿ. ಬಳಸುತ್ತಾ ಹೋದ ಹಾಗೆ ಅದು ಅಷ್ಟು ಹಿಡಿಯುವುದಿಲ್ಲ. ಒಳಗಿನ ಲಿಥಿಯಂ ಸ್ವಲ್ಪ ಸ್ವಲ್ಪವಾಗಿ ಕೆಲಸಕ್ಕೆ ಸಿಗದಂತೆ ಆಗುತ್ತದೆ. ಫೋನ್ ಬಿಸಿಯಾದಷ್ಟೂ ಇದು ಬೇಗ ಆಗುತ್ತದೆ. ಒಂದು ದಿನ ಅದು 4000 ಮಾತ್ರ ಹಿಡಿಯುವ ಸ್ಥಿತಿಗೆ ಬಂದರೆ ಬ್ಯಾಟರಿ ಹೆಲ್ತ್ ಶೇ 80 ಅಂತ ಲೆಕ್ಕ. ಐಫೋನ್‌ನಲ್ಲಿ ಈ ಲೆಕ್ಕ 2018ರಲ್ಲಿ ಐಒಎಸ್ 11.3 ಅನ್ನೋ ಸಾಫ್ಟ್‌ವೇರ್ ಅಪ್‌ಡೇಟ್ ಜೊತೆ ಬಂತು. ಐಫೋನ್ 14 ಮತ್ತು ಅದಕ್ಕಿಂತ ಹಳೆಯ ಮಾಡೆಲ್‌ಗಳ ಬ್ಯಾಟರಿ 500 ಸಲ ಪೂರ್ತಿ ಚಾರ್ಜ್ ಆಗಿ ಖಾಲಿಯಾದ ಮೇಲೂ ಶೇ 80 ಉಳಿಸಿಕೊಳ್ಳುವಂತೆ ಮಾಡಿದ್ದೇವೆ ಅಂತ ಆ್ಯಪಲ್ ಹೇಳುತ್ತದೆ. ಐಫೋನ್ 15ರ ಸಾಲಿಗೆ ಅದು 1000 ಸಲ. ಯುರೋಪಿಯನ್ ಒಕ್ಕೂಟವಂತೂ 2025ರ ಜೂನ್ 20ರಿಂದ ಇದನ್ನು ನಿಯಮವನ್ನೇ ಮಾಡಿದೆ. ಅಲ್ಲಿ ಮಾರುವ ಫೋನ್‌ನ ಬ್ಯಾಟರಿ 800 ಸಲದ ಮೇಲೂ ಶೇ 80 ಹಿಡಿಯಬೇಕು.

ಅಂದರೆ ಇದು ಈಗ ಇಂಜಿನಿಯರುಗಳ ಮಾತಾಗಿ ಉಳಿದಿಲ್ಲ. ಸೆಕೆಂಡ್ ಹ್ಯಾಂಡ್ ಐಫೋನ್ ಕೊಳ್ಳುವ ಹುಡುಗರು ಮೊದಲು ಕೇಳೋದೇ ಇದನ್ನ: ‘ಬಿ.ಎಚ್. ಎಷ್ಟಿದೆ?’ ನಮ್ಮ ತುಮಕೂರಿನಲ್ಲಿ ಬಿ.ಎಚ್. ಅಂದರೆ ಬೆಂಗಳೂರು–ಹೊನ್ನಾವರ ರಸ್ತೆ ಅಂತಲೇ ನಾವೆಲ್ಲ ಬೆಳೆದದ್ದು. ಈಗ ಅದೇ ಎರಡು ಅಕ್ಷರಕ್ಕೆ ಬ್ಯಾಟರಿಯೂ ಸೇರಿಕೊಂಡಿದೆ.

‘ಆರೋಗ್ಯ’ ಅನ್ನುವುದರಲ್ಲಿ ನನಗಿರುವ ತೊಂದರೆ ಇದು. ಆರೋಗ್ಯ ಕೆಟ್ಟಿದೆ ಅಂದರೆ ಕಾಯಿಲೆ ಬಂದಿದೆ, ವಾಸಿ ಮಾಡಬಹುದು ಅಂತ ಅರ್ಥ. ಬ್ಯಾಟರಿ ಹೆಲ್ತ್ 89 ಆದರೆ ಅದು ಕಾಯಿಲೆ ಅಲ್ಲ, ಬಳಸಿದ್ದಕ್ಕೆ ಸವೆದದ್ದು. ವಾಸಿಯೂ ಆಗುವುದಿಲ್ಲ, ಬ್ಯಾಟರಿ ಬದಲಿಸಬೇಕು ಅಷ್ಟೆ. ‘ಆರೋಗ್ಯ ಹೆಚ್ಚಿಸುವ ಆ್ಯಪ್’ ಅಂತ ಯಾರೋ ಹೇಳಿದ್ದನ್ನು ನಂಬಿ ಕಂಡ ಕಂಡದ್ದನ್ನೆಲ್ಲ ಹಾಕಿಕೊಂಡವರು ನನ್ನ ಪರಿಚಯದಲ್ಲೇ ಇದ್ದಾರೆ. ಯಾವ ಆ್ಯಪ್ ಕೂಡ ಸವೆದ ಬ್ಯಾಟರಿಯನ್ನು ಮತ್ತೆ ಹೊಸದು ಮಾಡಲಾರದು. ಪದ ಬೇರೆಯಾಗಿದ್ದರೆ ಈ ಆಸೆಯೇ ಹುಟ್ಟುತ್ತಿರಲಿಲ್ಲ ಅನ್ನಿಸುತ್ತದೆ.

ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು. ಫೋನ್ ಎರಡು ಬೇರೆ ಬೇರೆ ಪರ್ಸೆಂಟ್ ಲೆಕ್ಕ ತೋರಿಸುತ್ತದೆ. ಮೇಲಿನ ಮೂಲೆಯಲ್ಲಿ 100. ಸೆಟ್ಟಿಂಗ್ಸ್ ಒಳಗೆ 80. ‘ಪೂರ್ತಿ ಚಾರ್ಜ್ ಆಗಿದೆ, ಮತ್ತೆ 80 ಯಾಕೆ?’ ಅಂತ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೂಲೆಯಲ್ಲಿರುವ 100 ಅಂದರೆ, ಈ ಬ್ಯಾಟರಿ ಇವತ್ತು ಎಷ್ಟು ಹಿಡಿಯಬಲ್ಲದೋ ಅಷ್ಟೂ ತುಂಬಿದೆ ಅಂತ. ಒಳಗಿನ 80 ಅಂದರೆ, ಹೊಸದಿದ್ದಾಗ ಹಿಡಿಯುತ್ತಿದ್ದುದರಲ್ಲಿ ಈಗ ಹಿಡಿಯುವ ಪಾಲು. ಇದನ್ನು ನಾಮಪದ ಇಟ್ಟುಕೊಂಡು ವಿವರಿಸಲು ಹೋದರೆ ಎರಡು ಸಾಲು ಬೇಕು. ಕ್ರಿಯಾಪದದಲ್ಲಿ ಎಷ್ಟು ಸಲೀಸು ನೋಡಿ: ‘ತುಂಬಿರೋದು 100, ಹಿಡಿಯೋದು 80.’

ಇಲ್ಲಿಂದಲೇ ನನ್ನ ಮುಖ್ಯ ಮಾತು ಶುರು. ಬ್ಯಾಟರಿ ವಿಷಯದಲ್ಲಿ ನಮ್ಮ ಜನ ‘ಚಾರ್ಜ್’ ಅನ್ನೋ ಒಂದೇ ಹೆಸರನ್ನು ಹೊರಗಿನಿಂದ ತಂದುಕೊಂಡರು. ಉಳಿದ ಕೆಲಸವನ್ನೆಲ್ಲ ಕನ್ನಡದ ಕ್ರಿಯಾಪದಗಳಿಗೆ ಬಿಟ್ಟರು. ಚಾರ್ಜಿಗೆ ಹಾಕು, ಚಾರ್ಜ್ ಹತ್ತು, ಚಾರ್ಜ್ ಏರು, ಚಾರ್ಜ್ ನಿಲ್ಲು, ಚಾರ್ಜ್ ಇಳಿ. ಇವು ಒಂದಕ್ಕೊಂದು ಬದಲಿ ಮಾತುಗಳಲ್ಲ. ಒಂದೊಂದೂ ಒಂದೊಂದು ತೊಂದರೆಯನ್ನು ಹೇಳುತ್ತದೆ.

‘ಚಾರ್ಜ್ ಹತ್ತಲ್ಲ’ ಅಂದರೆ ಕೇಬಲ್ ಚುಚ್ಚಿದರೂ ಫೋನ್‌ಗೆ ಗೊತ್ತೇ ಆಗುತ್ತಿಲ್ಲ, ಸಿಂಬಲ್ಲೇ ಬರುತ್ತಿಲ್ಲ. ಕೇಬಲ್ ಕೆಟ್ಟಿರಬಹುದು. ಅಥವಾ ಪಿನ್ ಒಳಗೆ ಜೇಬಿನ ನೂಲು, ಧೂಳು ತುಂಬಿರಬಹುದು. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆದರೆ ಎಷ್ಟೋ ಸಲ ಸರಿಹೋಗುತ್ತದೆ.

‘ಚಾರ್ಜ್ ಏರಲ್ಲ’ ಬೇರೆ. ಸಿಂಬಲ್ ಬಂದಿದೆ, ನಂಬರ್ ಮಾತ್ರ ಮೇಲೆ ಹೋಗುತ್ತಿಲ್ಲ, ಅಥವಾ ತೀರಾ ನಿಧಾನ. ಇಲ್ಲಿ ಚಾರ್ಜರ್ ಮೇಲೆ ಅನುಮಾನ ಪಡಬೇಕು. 67 ವಾಟ್ ಅಂತ ಬರೆದಿರುವ ಫೋನನ್ನು ಬೇರೆ ಕಂಪನಿಯ ಚಾರ್ಜರ್‌ಗೆ ಹಾಕಿದರೆ ಆ ವೇಗ ಸಿಗುವುದು ಅಪರೂಪ, ಯಾಕೆಂದರೆ ಫೋನ್, ಚಾರ್ಜರ್, ಕೇಬಲ್ ಮೂರೂ ಒಂದೇ ಪದ್ಧತಿಗೆ ಒಪ್ಪಿರಬೇಕು. ಪಿನ್ ಎರಡೂ ಟೈಪ್ ಸಿ ಆಗಿದ್ದರೆ ಸಾಲದು. ಇನ್ನು 80 ದಾಟಿದ ಮೇಲೆ ನಿಧಾನವಾಗುವುದು ತೊಂದರೆಯಲ್ಲ. ತುಂಬುತ್ತಾ ಬಂದ ಬ್ಯಾಟರಿಗೆ ಫೋನೇ ಕರೆಂಟ್ ಕಡಿಮೆ ಮಾಡುತ್ತದೆ.

‘ಚಾರ್ಜ್ ಇಳಿಯುತ್ತೆ’ ಅಂದರೆ ಬ್ಯಾಟರಿ ಚೆನ್ನಾಗಿದೆ, ಖರ್ಚು ಜಾಸ್ತಿ. ಯಾವುದೋ ಆ್ಯಪ್ ಹಿಂದೆ ಓಡುತ್ತಿರಬಹುದು. ಸಿಗ್ನಲ್ ಇಲ್ಲದ ಕಡೆಯೂ ಹೀಗೇ ಆಗುತ್ತದೆ. ದೇವರಾಯನದುರ್ಗದ ಕಾಡಿನ ದಾರಿಯಲ್ಲಿ ಫೋನ್ ಸುಮ್ನೆ ಜೇಬಲ್ಲಿದ್ದರೂ ಟವರ್ ಹುಡುಕುತ್ತಾ ಚಾರ್ಜ್ ಇಳಿಸಿಕೊಳ್ಳುತ್ತದೆ. ಏರೋಪ್ಲೇನ್ ಮೋಡ್‌ಗೆ ಹಾಕಿದರೆ ಆ ಹುಡುಕಾಟ ನಿಲ್ಲುತ್ತದೆ.

‘ಚಾರ್ಜ್ ನಿಲ್ಲಲ್ಲ’ ಅನ್ನುವುದೇ ನಾನು ಹುಡುಕುತ್ತಿರುವ ಬ್ಯಾಟರಿ ಹೆಲ್ತ್. ಬೇಗ 100 ಆಗುತ್ತದೆ, ಬೇಗ ಖಾಲಿಯೂ ಆಗುತ್ತದೆ. ಹೂಳು ತುಂಬಿದ ಕೆರೆಯ ಹಾಗೆ. ಒಂದು ಮಳೆಗೆ ಕೋಡಿ ಬೀಳುತ್ತದೆ, ಬೇಸಿಗೆಗೆ ಮುಂಚೆ ಬತ್ತುತ್ತದೆ. ನೋಡುವವರಿಗೆ ಕೆರೆ ತುಂಬಿದೆ ಅಂತಲೇ ಕಾಣುತ್ತದೆ, ಹಿಡಿದಿರುವ ನೀರು ಮಾತ್ರ ಕಮ್ಮಿ. ಹೋಲಿಕೆಗೆ ಅಂತ ಹುಡುಕಿ ತಂದದ್ದಲ್ಲ ಇದು. ತುಂಬು, ಹಿಡಿ, ನಿಲ್ಲು, ಏರು, ಇಳಿ, ಇವೆಲ್ಲ ನಮ್ಮ ಕಡೆ ನೀರಿಗೆ ಹೇಳುವ ಮಾತುಗಳೇ ಅಲ್ವಾ? ನದಿಯ ಆಸರೆ ಕಡಿಮೆಯಾಗಿ, ಹೆಚ್ಚಾಗಿ ಕೆರೆ, ಬೋರ್‌ವೆಲ್‌ಗಳನ್ನೇ ನಂಬಿದ ಜಿಲ್ಲೆಗಳಿವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆರೆಗಳಿಗೆ ಹರಿಸುವುದು) ಬರಲು ಶುರುವಾದ ಮೇಲೆ ಕೋಲಾರದಲ್ಲಿ ‘ಕೆರೆಗೆ ನೀರು ಬಂತಾ, ಎಷ್ಟು ನಿಂತಿದೆ’ ಅನ್ನೋದು ಮತ್ತೆ ದಿನದ ಮಾತಾಯಿತು. ಚಾರ್ಜ್ ಕೂಡ ಕಣ್ಣಿಗೆ ಕಾಣದ ನೀರು ಅನ್ನೋ ಹಾಗೆ ಜನ ಮಾತಾಡುತ್ತಿದ್ದಾರೆ ಅಂತ ನನ್ನ ನಂಬಿಕೆ.

ಈ ವ್ಯತ್ಯಾಸ ಮರೆತರೆ ದುಡ್ಡು ಹೋಗುತ್ತದೆ. ಚಿಂತಾಮಣಿಯಲ್ಲಿರುವ ನಮ್ಮ ಚಿಕ್ಕಮ್ಮ ಅಂಗಡಿಯೊಂದಕ್ಕೆ ಹೋಗಿ ‘ಚಾರ್ಜ್ ನಿಲ್ತಿಲ್ಲಪ್ಪ’ ಅಂದಿದ್ದರು. ಸರಿಯಾಗೇ ಹೇಳಿದ್ದರು. ಅಂಗಡಿಯ ಹುಡುಗ ಅದನ್ನು ‘ಚಾರ್ಜ್ ಆಗ್ತಿಲ್ಲ’ ಅಂತ ತಿಳಿದು ಚಾರ್ಜಿಂಗ್ ಪಿನ್ ಬದಲಿಸಿ ಕಳಿಸಿದ. ಫೋನ್ ಮೊದಲಿನ ಹಾಗೇ ಇತ್ತು. ಆಮೇಲೆ ಬೇರೆ ಕಡೆ ಬ್ಯಾಟರಿ ಬದಲಿಸಿದಾಗ ಸರಿಹೋಯಿತು. ಚಿಕ್ಕಮ್ಮನ ಕನ್ನಡದಲ್ಲೇ ಉತ್ತರ ಇತ್ತು, ಕೇಳಿಸಿಕೊಳ್ಳಬೇಕಿತ್ತು ಅಷ್ಟೆ.

ಈಗ ‘ಹತ್ತು’ ಬಗ್ಗೆ ಒಂದು ಪ್ರಶ್ನೆ. ಇದು ಕೋಲಾರ, ಬಾಗೇಪಲ್ಲಿ, ಗೌರಿಬಿದನೂರು ಕಡೆಯವರಿಗೆ. ಕನ್ನಡದಲ್ಲಿ ಹತ್ತು ಅಂದರೆ ಬಸ್ ಹತ್ತು, ಬೆಟ್ಟ ಹತ್ತು ಅನ್ನೋ ಅರ್ಥವೂ ಇದೆ. ಬೆಂಕಿ ಹತ್ತಿತು, ಒಲೆ ಹತ್ತಲಿಲ್ಲ ಅನ್ನೋ ಅರ್ಥವೂ ಇದೆ. ನಾನು ‘ಚಾರ್ಜ್ ಹತ್ತಲ್ಲ’ ಅನ್ನುವಾಗ ನನ್ನ ಮನಸ್ಸಿನಲ್ಲಿರುವುದು ಎರಡನೆಯದು, ಒಲೆ ಹತ್ತದ ಹಾಗೆ. ಆದರೆ ತೆಲುಗಿನಲ್ಲಿ ‘ಚಾರ್ಜಿಂಗ್ ಎಕ್ಕಟ್ಲೇದು’ ಅನ್ನುತ್ತಾರೆ. ಆ ‘ಎಕ್ಕು’ ಮೇಲೇರುವುದು, ಬಸ್ ಹತ್ತುವುದು. ಬೆಂಕಿ ಹೊತ್ತಿಕೊಳ್ಳುವುದಕ್ಕೆ ಅವರಲ್ಲಿ ‘ಅಂಟುಕೊನು’ ಅನ್ನೋ ಬೇರೆ ಮಾತಿದೆ. ಎರಡೂ ಭಾಷೆ ಮನೆಯಲ್ಲೇ ಆಡುವ ನಿಮಗೆ ‘ಚಾರ್ಜ್ ಹತ್ತಲ್ಲ’ ಅಂದಾಗ ಯಾವುದು ಹೊಳೆಯುತ್ತದೆ? ಸಿಂಬಲ್ ಬಂದು, 34ರಲ್ಲೇ ನಿಂತ ಫೋನ್‌ಗೂ ‘ಹತ್ತುತ್ತಿಲ್ಲ’ ಅನ್ನುತ್ತೀರಾ? ಹೌದು ಅಂದರೆ ನಿಮ್ಮ ಕಡೆಯ ‘ಹತ್ತು’ ತೆಲುಗಿನ ‘ಎಕ್ಕು’ ಜೊತೆಗೆ ಬಂದದ್ದು ಅಂತ ನನ್ನ ಊಹೆ. ಆಗ ‘ಹತ್ತು’, ‘ಏರು’ ನಿಮ್ಮಲ್ಲಿ ಒಂದೇ ಆಗುತ್ತವೆ. ನಾನು ಮೇಲೆ ಬೇರೆ ಮಾಡಿದ್ದು ತುಮಕೂರಿಗೆ ಮಾತ್ರ ಸಲ್ಲುತ್ತದೆ.

‘ಬ್ಯಾಟರಿ ಹೆಲ್ತ್’ಗೆ ನಾಮಪದವೇ ಬೇಕು ಅನ್ನುವವರಿಗಾಗಿ ಕೆಲವನ್ನು ಯೋಚಿಸಿದೆ. ‘ಹಿಡಿತ’ ಅಂದರೆ ಕೈಗೆ ಫೋನ್ ಹೇಗೆ ಕೂರುತ್ತದೆ ಅನ್ನೋ ಅರ್ಥ ಬಂದುಬಿಡುತ್ತದೆ, ರಿವ್ಯೂನಲ್ಲಿ ಅದಕ್ಕೆ ಆಗಲೇ ಬಳಸುತ್ತಿದ್ದೇವೆ. ‘ನಿಲುವು’ ಅಭಿಪ್ರಾಯದ ಕಡೆ ಹೋಯಿತು. ‘ಹಿಡಿಕೆ’ ಕೊಡಲಿಯದ್ದು. ‘ತಾಕತ್ತು’ ಅಂದರೆ ವಾಟ್ ಅಂದುಕೊಳ್ಳುತ್ತಾರೆ. ‘ಕಸುವು’ ಚೆನ್ನಾಗಿದೆ, ನೆಲಕ್ಕೆ ಕಸುವಿಲ್ಲ ಅಂತ ರೈತರು ಹೇಳುವ ಮಾತು. ‘ಬ್ಯಾಟರಿ ಕಸುವು 86’ ಅಂದರೆ ಒಪ್ಪಬಹುದು. ಆದರೂ ನನ್ನ ಮನಸ್ಸು ಕ್ರಿಯಾಪದದ ಕಡೆಗೇ ಎಳೆಯುತ್ತದೆ. ‘ಬ್ಯಾಟರಿ ಈಗ ಶೇ 86 ಹಿಡಿಯುತ್ತದೆ’ ಅಂತ ಬರೆದರೆ ಓದುವವರು ಇನ್ನೊಮ್ಮೆ ಕೇಳುವುದಿಲ್ಲ. ಸೆಟ್ಟಿಂಗ್ಸ್ ಪಟ್ಟಿಯಲ್ಲೂ ‘ಎಷ್ಟು ಹಿಡಿಯುತ್ತದೆ’ ಅಂತ ಇದ್ದರೆ ತಪ್ಪೇನು? ಪಟ್ಟಿಯಲ್ಲಿರುವುದೆಲ್ಲ ನಾಮಪದವೇ ಆಗಿರಬೇಕು ಅನ್ನೋ ಕಟ್ಟಳೆ ಕನ್ನಡದ್ದಲ್ಲ.

ಜನರ ಬಾಯಲ್ಲಿ ಪದ ಹೇಗೆ ಬೇರು ಬಿಡುತ್ತದೆ ಅನ್ನೋದಕ್ಕೆ ಫೋನ್ ಬ್ಯಾಲೆನ್ಸ್‌ಗೆ ಅಂದ ‘ಕರೆನ್ಸಿ’ ಸಾಕ್ಷಿ. ಸ್ಕ್ರ್ಯಾಚ್ ಕಾರ್ಡ್ ಕಾಲದಲ್ಲಿ ‘ಕರೆನ್ಸಿ ಹಾಕ್ಸು’, ‘ಕರೆನ್ಸಿ ಖಾಲಿ’ ಅಂತ ಎಲ್ಲರೂ ಅಂದರು. ಈಗ ತಿಂಗಳ ಪ್ಯಾಕ್ ಬಂದರೂ ನಮ್ಮ ಕಡೆ ಹಿರಿಯರ ಬಾಯಲ್ಲಿ ಅದು ಉಳಿದಿದೆ. ಇದನ್ನೇ ಬೇರೆಯಾಗಿ ಚರ್ಚಿಸಬಹುದು.

ಕೋಲಾರ ಜಿಲ್ಲೆಯ ನರಸಾಪುರದ ಕಾರ್ಖಾನೆಯಲ್ಲಿ ಕೆಲಸ ಮಾಡುವವರು ಇಲ್ಲಿ ಯಾರಾದರೂ ಇದ್ದರೆ ಅವರಿಂದಲೂ ತಿಳಿಯಬೇಕು. ತೈವಾನ್ ಕಂಪನಿ ವಿಸ್ಟ್ರಾನ್ ಕಟ್ಟಿದ, 2023ರಲ್ಲಿ ಟಾಟಾ ಕೊಂಡುಕೊಂಡ ಆ ಕಾರ್ಖಾನೆಯಲ್ಲಿ ಐಫೋನ್ ಜೋಡಿಸುತ್ತಾರೆ. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಅಲ್ಲಿ ಹೋಗಿ ಬರುತ್ತಾರೆ. ಬ್ಯಾಟರಿ, ಪಿನ್, ಅಂಟು, ಸ್ಕ್ರೂ ಇವನ್ನು ಕೈಯಲ್ಲಿ ಹಿಡಿಯುವವರು ತಮ್ಮ ತಮ್ಮಲ್ಲಿ ಏನು ಅನ್ನುತ್ತಾರೆ ಅನ್ನೋದಕ್ಕೆ ನನ್ನ ಊಹೆಗಿಂತ ಹೆಚ್ಚು ಬೆಲೆ.

ಕೊನೆಗೆ ಒಂದು ಸಣ್ಣ ಸಂದೇಹ. ಕೆಟ್ಟ ಬ್ಯಾಟರಿ ಒಳಗೆ ಗ್ಯಾಸ್ ತುಂಬಿ ದಪ್ಪ ಆಗುತ್ತದಲ್ಲ, ಅದಕ್ಕೆ ನಾವು ‘ಉಬ್ಬಿದೆ’ ಅನ್ನುತ್ತೇವೆ. ‘ಊದಿದೆ’ ಅಂತ ಚಿಕ್ಕಬಳ್ಳಾಪುರದ ಗೆಳೆಯರು ಹೇಳಿದ್ದನ್ನೂ ಕೇಳಿದ್ದೇನೆ. ಎಚ್ಚರಿಕೆಯ ಸಾಲು ಬರೆಯುವಾಗ ಯಾವುದು ಬೇಗ ನಾಟುತ್ತದೆ? ಅಂಥ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಮತ್ತೆ ಚಾರ್ಜಿಗೆ ಹಾಕಲೇಬಾರದು. ಹಾಗಾಗಿ ಈ ಒಂದು ಪದ ಎಲ್ಲರಿಗೂ ಥಟ್ಟನೆ ತಿಳಿಯುವಂತಿರಬೇಕು.

ಉತ್ತರ ಬರೆಯುವಾಗ ದಯವಿಟ್ಟು ನೀವು ಕೇಳಿದ ವಾಕ್ಯವನ್ನು ಇದ್ದ ಹಾಗೇ ಬರೆಯಿರಿ. ಯಾವ ಊರಿನಲ್ಲಿ ಕೇಳಿದ್ದು, ಫೋನ್‌ಗೆ ನಿಜವಾಗಿ ಏನಾಗಿತ್ತು ಅನ್ನೋದನ್ನೂ ಸೇರಿಸಿ.