ಮಾರ್ಪಡಿಸಿದ ಪೋಲೊವನ್ನು ಚೆನ್ನೈ ಟ್ರ್ಯಾಕಿಗೆ ಒಯ್ಯುವ ಮುನ್ನ ಏನೇನು ಮಾಡಿಸಬೇಕು?

ಬಳ್ಳಾರಿ_ಟಿಎಸ್‌ಐ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಆರು ಗೇರಿನ 2021ರ ಫೋಕ್ಸ್‌ವ್ಯಾಗನ್ ಪೋಲೊ 1.0 ಟಿಎಸ್‌ಐ (ಟರ್ಬೊ ಪೆಟ್ರೋಲ್) ಕಾರು ಇದೆ. ಕಂಪನಿಯಿಂದ ಬಂದಾಗ 110 ಪಿಎಸ್ ಇದ್ದ ಇಂಜಿನ್ನಿಗೆ ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಇಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ) ಮಾಡಿಸಿದ್ದೇನೆ. ತೆರೆದ ಕೋನ್ ಏರ್ ಫಿಲ್ಟರ್, ಕಾರನ್ನು ಸ್ವಲ್ಪ ತಗ್ಗಿಸುವ ಸ್ಪ್ರಿಂಗುಗಳು ಮತ್ತು 16 ಇಂಚಿನ ಅಲಾಯ್ ಚಕ್ರಗಳೂ ಇವೆ. ಬ್ರೇಕುಗಳು ಮಾತ್ರ ಕಂಪನಿಯವೇ. ಮುಂದೆ ಡಿಸ್ಕ್, ಹಿಂದೆ ಡ್ರಮ್. ದಿನವೂ ಬಳ್ಳಾರಿಯಿಂದ ತೋರಣಗಲ್ಲಿಗೆ ಕೆಲಸಕ್ಕೆ ಹೋಗಿಬರುವುದು ಇದೇ ಕಾರಿನಲ್ಲಿ.

ಚೆನ್ನೈ ಬಳಿ ಇರುಂಗಾಟ್ಟುಕೋಟೈಯಲ್ಲಿರುವ 3.7 ಕಿಲೋಮೀಟರ್ ಉದ್ದದ ಟ್ರ್ಯಾಕಿನಲ್ಲಿ, ಸ್ವಂತ ಕಾರು ತಂದವರಿಗೂ ಅವಕಾಶವಿರುವ ದಿನವೊಂದಕ್ಕೆ ಹೆಸರು ಕೊಡಬೇಕೆಂದಿದ್ದೇನೆ. ಅದಿರಿನ ಲಾರಿ, ಟ್ರ್ಯಾಕ್ಟರ್, ಕುರಿಹಿಂಡು ಎಲ್ಲವೂ ಒಟ್ಟಿಗೆ ಸಾಗುವ ನಮ್ಮ ಹೊಸಪೇಟೆ ರಸ್ತೆಯಲ್ಲಿ ಕಾರಿನ ವೇಗ ಪರೀಕ್ಷಿಸುವುದು ಅಪರಾಧವೆಂಬುದನ್ನು ಬಲ್ಲೆ. ಆ ಆಸೆಯನ್ನು ತೀರಿಸಿಕೊಳ್ಳಲು ಟ್ರ್ಯಾಕೇ ಸರಿಯಾದ ಜಾಗ ಎಂಬುದು ನನ್ನ ದೃಢ ನಿಲುವು.

ಕೈಯಲ್ಲಿರುವ ಹಣ ಒಂದೇ ಕೆಲಸಕ್ಕೆ ಸಾಕಾಗುತ್ತದೆ. ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಹೋಗುವ ಕೊಳವೆ) ಬದಲಿಸಿ ಎರಡನೇ ಹಂತದ ರೀಮ್ಯಾಪ್ ಮಾಡಿಸಬಹುದು, ಮುಂದಿನ ಚಕ್ರಗಳಿಗೆ ದೊಡ್ಡ ಡಿಸ್ಕ್ ಹಾಕಿಸಬಹುದು, ಇಲ್ಲವೇ ಬಕೆಟ್ ಸೀಟಿನೊಂದಿಗೆ ನಾಲ್ಕು ಪಟ್ಟಿಯ ಬೆಲ್ಟ್ ಕೂಡಿಸಬಹುದು. ಇವುಗಳಲ್ಲಿ ಯಾವುದು ಮೊದಲು ಆಗಬೇಕು?

ಗಂಗಾವತಿ_ಗ್ಯಾರೇಜು

ಮೂರರಲ್ಲಿ ಯಾವುದೂ ಈಗ ಬೇಡ ಎಂಬುದೇ ನನ್ನ ಸಲಹೆ. ಮೊದಲ ಸಲ ಟ್ರ್ಯಾಕಿಗಿಳಿಯುವ ಬೀದಿ ಕಾರಿನಲ್ಲಿ ಶಕ್ತಿ ಸಾಲದಾಯಿತು ಎಂಬ ದೂರು ಬರುವುದಿಲ್ಲ; ಬ್ರೇಕ್ ಸಾಲದಾಯಿತು ಎಂಬ ದೂರು ಮಾತ್ರ ಬಂದೇ ಬರುತ್ತದೆ. ಆದರೆ ಅದಕ್ಕೆ ದೊಡ್ಡ ಡಿಸ್ಕೇ ಆಗಬೇಕೆಂದಿಲ್ಲ.

ಲೆಕ್ಕ ಹಾಕಿ ನೋಡಿ. ಚಾಲಕನೂ ಸೇರಿ 1200 ಕಿಲೋ ತೂಗುವ ಕಾರನ್ನು ಗಂಟೆಗೆ 150 ಕಿಲೋಮೀಟರಿನಿಂದ 60ಕ್ಕೆ ಇಳಿಸಿದಾಗ ಸುಮಾರು 875 ಕಿಲೋಜೂಲ್ ಶಕ್ತಿ ಶಾಖವಾಗಿ ಹೊರಬರಬೇಕು. ಎರಡೂವರೆ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಾಖ ಸಾಕು. ಊರಿನ ರಸ್ತೆಯಲ್ಲಿ ಇಂಥ ಬ್ರೇಕು ಅಪರೂಪಕ್ಕೊಮ್ಮೆ ಬೀಳುತ್ತದೆ. ಟ್ರ್ಯಾಕಿನಲ್ಲಿ ಒಂದೇ ಸುತ್ತಿನಲ್ಲಿ ಹಲವು ಸಲ ಬೀಳುತ್ತದೆ, ನಡುವೆ ಆರಲು ಹೊತ್ತೇ ಸಿಗುವುದಿಲ್ಲ. ಆ ಶಾಖವು ಪ್ಯಾಡಿನ ಮೂಲಕ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿಗೆ, ಅಲ್ಲಿಂದ ಬ್ರೇಕ್ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆಗಳು ನಿಲ್ಲುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಒತ್ತಬಹುದು. ಹಾಗಾಗಿ ಪೆಡಲು ನೆಲ ಮುಟ್ಟುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ.

ಬ್ರೇಕ್ ಆಯಿಲ್‌ನ ದರ್ಜೆಗಳಿಗೆ ಡಾಟ್ ಎಂಬ ಹೆಸರಿದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬ ಮಾನದಂಡವಿದೆ. ಆದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ತೇವ ಸೇರಿದ ಡಾಟ್ 4ಕ್ಕೆ ಇರುವ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ಡಾಟ್ 5.1ಕ್ಕೆ ಇವೇ ಅಂಕಿಗಳು 260 ಮತ್ತು 180. ಕಾರು ಕೊಂಡಾಗಿನಿಂದ ಆಯಿಲ್ ಬದಲಿಸಿಲ್ಲವಾದರೆ ನೀವು ಮೇಲಿನ ಅಂಕಿಯನ್ನಲ್ಲ, ಕೆಳಗಿನ ಅಂಕಿಯನ್ನೇ ನಂಬಬೇಕು. ಆದ್ದರಿಂದ ಹೊರಡುವ ವಾರದಲ್ಲಿ ಹಳೆಯ ಆಯಿಲನ್ನು ಪೂರ್ತಿ ತೆಗೆಸಿ, ಸೀಲ್ ಒಡೆಯದ ಡಬ್ಬಿಯಿಂದ ಹೊಸದನ್ನು ಹಾಕಿಸಿ, ನಾಲ್ಕೂ ಚಕ್ರಗಳಲ್ಲಿ ಬ್ಲೀಡಿಂಗ್ (ಪೈಪಿನಲ್ಲಿ ಸಿಲುಕಿದ ಗಾಳಿ ತೆಗೆಯುವುದು) ಮಾಡಿಸಿ. ಅಂಗಡಿಯಲ್ಲಿ 'ಐದು' ಎಂದಷ್ಟೇ ಕೇಳಬೇಡಿ: ಡಾಟ್ 5 ಎಂಬುದು ಸಿಲಿಕೋನ್ ಮೂಲದ್ದು, ಅದನ್ನು ನಿಮ್ಮ ಕಾರಿಗೆ ಹಾಕಬಾರದು.

ಮುಂದಿನ ಚಕ್ರಗಳಿಗೆ ಹೆಚ್ಚು ಶಾಖ ತಾಳುವ, ಆದರೆ ರಸ್ತೆಯಲ್ಲೂ ತಣ್ಣಗಿದ್ದಾಗ ಹಿಡಿಯುವ ಪ್ಯಾಡುಗಳನ್ನು ಹಾಕಿಸಿ, ತಯಾರಕರು ಹೇಳಿದ ಕ್ರಮದಲ್ಲಿ ಡಿಸ್ಕಿಗೆ ಹೊಂದಿಸಿಕೊಂಡ ಮೇಲೆಯೇ ಟ್ರ್ಯಾಕಿಗಿಳಿಸಿ. ಸ್ಪರ್ಧೆಗೆಂದೇ ಮಾಡಿದ ಪ್ಯಾಡು ಬೇಡ; ಅದು ಬಿಸಿಯಾಗುವವರೆಗೆ ಸರಿಯಾಗಿ ಹಿಡಿಯುವುದಿಲ್ಲ, ಎಪಿಎಂಸಿ ಮುಂದೆ ಎತ್ತಿನಗಾಡಿ ಅಡ್ಡ ಬಂದಾಗ ನಿಮಗೆ ಬೇಕಾದದ್ದು ಮೊದಲ ಒತ್ತಿಗೇ ನಿಲ್ಲುವ ಬ್ರೇಕು.

ಶಕ್ತಿನಗರ_ಯಾಂತ್ರಿಕ

ಬ್ರೇಕಿನ ವಿಷಯದಲ್ಲಿ ಮೇಲಿನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಆದರೆ ನಮ್ಮ ಕಡೆಯ ಕಾರುಗಳಿಗೆ ಇನ್ನೊಂದು ತೊಂದರೆಯಿದೆ. ಬೆಂಗಳೂರಿನ ಮಿತ್ರರು ಬರೆಯುವ ಸಲಹೆಗಳಲ್ಲಿ ಅದು ಕಾಣುವುದಿಲ್ಲ. ರಾಯಚೂರಿನಲ್ಲಿ ನಾವು ಹಾರುಬೂದಿ ಕುಡಿಯುತ್ತೇವೆ, ಬಳ್ಳಾರಿಯಲ್ಲಿ ನೀವು ಅದಿರಿನ ಧೂಳು ಕುಡಿಯುತ್ತೀರಿ, ನಮ್ಮೊಂದಿಗೆ ನಮ್ಮ ಕಾರುಗಳೂ ಕುಡಿಯುತ್ತವೆ. ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಬೆರಳು ಹೋಗದಷ್ಟು ಸಂದಿ ಇರುತ್ತದೆ. ಟಾರ್ಚ್ ಹಿಡಿದು ಅಲ್ಲಿ ನೋಡಿ. ಮುಂದಿನಿಂದ ಸ್ವಚ್ಛವಾಗಿ ಕಾಣುವ ಕಾರಿನಲ್ಲೂ ಆ ಸಂದಿಯೊಳಗೆ ಕೆಂಪು ಧೂಳು, ಸತ್ತ ಹುಳುಗಳ ರೆಕ್ಕೆ ಮತ್ತು ಮಳೆನೀರು ಕಲೆತು ರೇಡಿಯೇಟರಿನ ತೆಳು ರೆಕ್ಕೆತಗಡುಗಳ ಮೇಲೆ ಗಟ್ಟಿಯಾಗಿ ಮೆತ್ತಿಕೊಂಡಿರುತ್ತದೆ. ತೋರಣಗಲ್ಲಿನ ದಾರಿಯಲ್ಲಿ ನಿಧಾನವಾಗಿ ಹೋಗುವಾಗ ಇದು ಗೊತ್ತಾಗದು. ಟ್ರ್ಯಾಕಿನಲ್ಲಿ ಇಂಜಿನ್ ಸತತವಾಗಿ ಮೇಲಿನ ಆರ್‌ಪಿಎಂನಲ್ಲೇ ಇರುವಾಗ, ಅದೂ ಚೆನ್ನೈಯ ಸೆಕೆಯಲ್ಲಿ, ಎರಡನೇ ಸುತ್ತಿಗೇ ಕೂಲೆಂಟಿನ ಶಾಖ ಏರತೊಡಗುತ್ತದೆ. ಮುಂದಿನ ಬಂಪರ್ ಬಿಚ್ಚಿಸಿ, ಇಂಜಿನ್ನಿನ ಕಡೆಯಿಂದ ಹೊರಕ್ಕೆ, ಕಡಿಮೆ ಒತ್ತಡದ ನೀರಿನಿಂದ ತೊಳೆಸಿ. ವಾಟರ್ ಸರ್ವಿಸ್‌ನವರ ಗನ್ ಹತ್ತಿರ ಹಿಡಿದರೆ ರೆಕ್ಕೆತಗಡುಗಳು ಮಡಚಿಕೊಳ್ಳುತ್ತವೆ, ಆಮೇಲೆ ಗಾಳಿಯೇ ಆಡುವುದಿಲ್ಲ.

ಕೋನ್ ಫಿಲ್ಟರನ್ನು ತೆಗೆದು ಕಂಪನಿಯ ಪೆಟ್ಟಿಗೆ ಮತ್ತು ಕಾಗದದ ಫಿಲ್ಟರನ್ನೇ ಮರಳಿ ಕೂಡಿಸಿ ಎಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಬಾನೆಟ್ಟಿನಡಿ ತೆರೆದಿರುವ ಫಿಲ್ಟರು ಇಂಜಿನ್ನಿನ ಬಿಸಿಗಾಳಿಯನ್ನೇ ಎಳೆಯುತ್ತದೆ. ಅದು ಸೋಸದೆ ಬಿಟ್ಟ ನುಣುಪು ಧೂಳು, ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಟರ್ಬೊದ ಅಲಗುಗಳನ್ನು ಸವೆಸುತ್ತದೆ. ಸದ್ದು ಚೆನ್ನಾಗಿರುತ್ತದೆ ಎಂಬುದರ ಹೊರತು ನಮ್ಮ ಜಿಲ್ಲೆಗಳಲ್ಲಿ ಅದರಿಂದ ಲಾಭವಿಲ್ಲ.

ಇಂಜಿನ್ ಆಯಿಲ್ ಹೊಸದಾಗಿರಲಿ, ಮಟ್ಟ ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಯ ಹತ್ತಿರವಿರಲಿ. ಉದ್ದನೆಯ ತಿರುವಿನಲ್ಲಿ ಆಯಿಲ್ ಇಂಜಿನ್ನಿನ ತಳದ ಸಂಪಿನ ಒಂದು ಬದಿಗೆ ಸರಿದಾಗ ಪಂಪಿಗೆ ಸಿಗದೆ ಹೋಗಬಾರದು. ಪೆಟ್ರೋಲನ್ನೂ ಇದೇ ಕಾರಣಕ್ಕೆ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯಗೊಡಬೇಡಿ. ರೀಮ್ಯಾಪನ್ನು 95 ಆಕ್ಟೇನಿಗೆ ಹೊಂದಿಸಿದ್ದರೆ ಅದೇ ಪೆಟ್ರೋಲು ಹಾಕಿಸಿ. ಅದು ಸಿಗದಿದ್ದರೆ ಆ ದಿನದ ಮಟ್ಟಿಗೆ ಕಂಪನಿಯ ಮ್ಯಾಪಿಗೆ ಮರಳಿ.

ಕೊಪ್ಪಳ_ಕೋಟೆ

ನಾಲ್ಕು ಪಟ್ಟಿಯ ಬೆಲ್ಟಿನ ಬಗ್ಗೆ ಎಚ್ಚರಿಸಬೇಕಿದೆ. ಕಾರು ಮಗುಚಿದಾಗ ಸಾಮಾನ್ಯ ಬೆಲ್ಟಿನಲ್ಲಿ ದೇಹ ಬದಿಗೆ ವಾಲಲು ಅವಕಾಶವಿರುತ್ತದೆ. ನಾಲ್ಕು ಪಟ್ಟಿ ಬಿಗಿದರೆ ನೆಟ್ಟಗೆ ಕೂತಿರುತ್ತೀರಿ, ಛಾವಣಿ ಕುಸಿದರೆ ಅದು ತಲೆಯ ಮೇಲೆಯೇ ಬರುತ್ತದೆ. ರೋಲ್ ಕೇಜ್ (ಛಾವಣಿ ಕುಸಿಯದಂತೆ ಒಳಗೆ ಕೂಡಿಸುವ ಉಕ್ಕಿನ ಚೌಕಟ್ಟು) ಇಲ್ಲದ ಕಾರಿಗೆ ಅದು ಸಲ್ಲದು. ಕಂಪನಿಯ ಬೆಲ್ಟು, ಏರ್‌ಬ್ಯಾಗು, ಸೀಟು ಮೂರೂ ಒಂದಕ್ಕೊಂದು ಹೊಂದುವಂತೆ ಮಾಡಿದವು, ಹಾಗೆಯೇ ಇರಲಿ. ಹಣ ಉಳಿದರೆ ಮುಖ ಪೂರ್ತಿ ಮುಚ್ಚುವ ಒಳ್ಳೆಯ ಹೆಲ್ಮೆಟ್ ಕೊಳ್ಳಿ. ಮೈತುಂಬ ಹತ್ತಿ ಬಟ್ಟೆ, ತೆಳು ಅಟ್ಟೆಯ ಶೂ ಸಾಕು. ಚಾಲಕನ ಕಾಲಡಿಯ ಮ್ಯಾಟ್, ಡ್ಯಾಶ್‌ಬೋರ್ಡಿನ ದೇವರ ಮೂರ್ತಿ, ಡಿಕ್ಕಿಯ ಜಾಕಿ, ನೀರಿನ ಬಾಟಲಿ ಎಲ್ಲವನ್ನೂ ಇಳಿಸಿ. ಕಾರು ಕೆಟ್ಟು ನಿಂತರೆ ಎಳೆಯಲು ಬೇಕಾಗುವ ಕೊಕ್ಕೆಯನ್ನು ಮುಂಚೆಯೇ ತಿರುಗಿಸಿ ಕೂಡಿಸಿ.

ಇನ್ನೊಂದು ಮಾತು. ನಮ್ಮ ಸಾಮಾನ್ಯ ವಾಹನ ವಿಮೆಯು ಸಂಘಟಿತ ರೇಸು ಮತ್ತು ವೇಗ ಪರೀಕ್ಷೆಗಳನ್ನು ಹೊರಗಿಟ್ಟಿರುತ್ತದೆ. ಟ್ರ್ಯಾಕಿನಲ್ಲಿ ಗೋಡೆಗೆ ತಾಗಿದರೆ ಖರ್ಚು ನಿಮ್ಮದೇ ಎಂದು ತಿಳಿದೇ ಇಳಿಯಿರಿ. ಮಾರ್ಪಾಡುಗಳನ್ನು ವಿಮಾ ಕಂಪನಿಗೆ ತಿಳಿಸಿರದಿದ್ದರೆ ಹೋಗಿಬರುವ ದಾರಿಯಲ್ಲಿ ಅಪಘಾತವಾದರೂ ತಕರಾರು ಬರಬಹುದು.

ಬಳ್ಳಾರಿ_ಟಿಎಸ್‌ಐ

ಎಲ್ಲರಿಗೂ ಮನಸಾರೆ ಧನ್ಯವಾದಗಳು. ಡೌನ್‌ಪೈಪನ್ನೂ ಬೆಲ್ಟನ್ನೂ ಕೈಬಿಟ್ಟೆ. ಬ್ರೇಕ್ ಆಯಿಲ್, ಪ್ಯಾಡು, ರೇಡಿಯೇಟರ್, ಏರ್ ಫಿಲ್ಟರ್ ಈ ಕ್ರಮದಲ್ಲಿ ಕೆಲಸ ಮಾಡಿಸುತ್ತೇನೆ. ಟೈರಿನ ಗಾಳಿ ಎಷ್ಟಿರಬೇಕು? ಬೆಂಗಳೂರಿನ ಮೇಲೆ ಹೋದರೆ ಆರುನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಅದೇ ಪ್ಯಾಡಿನಲ್ಲಿ ಕಾರನ್ನು ಓಡಿಸಿಕೊಂಡೇ ಮರಳಬಹುದೇ?

ಗಂಗಾವತಿ_ಗ್ಯಾರೇಜು

ಟೈರಿನ ಉಷ್ಣತೆ 10 ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಹೆದ್ದಾರಿಯಲ್ಲಿ ಕಂಪನಿ ಹೇಳಿದಷ್ಟೇ ಗಾಳಿ ಇರಲಿ. ಟ್ರ್ಯಾಕಿನಲ್ಲಿ ಮೊದಲ ಸರದಿ ಮುಗಿದ ಕೂಡಲೇ ನಿಮ್ಮದೇ ಗೇಜಿನಿಂದ ಅಳೆದು, ಏರಿದ್ದನ್ನು ಸ್ವಲ್ಪಸ್ವಲ್ಪವೇ ಬಿಡಿ. ಟೈರಿನ ಅಂಚಿನಲ್ಲಿ ಸೀಮೆಸುಣ್ಣದ ಗೆರೆ ಎಳೆದಿಡಿ. ಗೆರೆ ಪಕ್ಕದ ಗೋಡೆಯ ತನಕ ಅಳಿಸಿಹೋದರೆ ಗಾಳಿ ಕಡಿಮೆಯಾಗಿದೆ, ಅಂಚಿನ ಮೇಲೂ ಉಳಿದರೆ ಹೆಚ್ಚಾಗಿದೆ. ತಗ್ಗಿಸುವ ಸ್ಪ್ರಿಂಗ್ ಹಾಕಿದ ಮೇಲೆ ಅಲೈನ್‌ಮೆಂಟ್ ಮಾಡಿಸಿರದಿದ್ದರೆ ಹೊರಡುವ ಮುನ್ನ ಮಾಡಿಸಿಕೊಳ್ಳಿ.

ಕೊನೆಯ ಸುತ್ತನ್ನು ಬ್ರೇಕ್ ಆದಷ್ಟು ಮುಟ್ಟದೆ ನಿಧಾನವಾಗಿ ಸುತ್ತಿ ಒಳಗೆ ಬನ್ನಿ. ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಗೇರಿನಲ್ಲಿಟ್ಟು ಚಕ್ರಕ್ಕೆ ಅಡೆ ಕೊಡಿ. ಚಕ್ರಗಳು ತಣಿದ ಮೇಲೆ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ನೋಡಿ, ಪೋಲೊಗೆ 120 ನ್ಯೂಟನ್ ಮೀಟರ್.

ಮರಳುವ ವಿಷಯಕ್ಕೆ ಬಂದರೆ, ಹಳೆಯ ಪ್ಯಾಡುಗಳನ್ನು ಎಸೆಯದೆ ಡಿಕ್ಕಿಯಲ್ಲಿ ಒಯ್ಯಿರಿ. ಟ್ರ್ಯಾಕ್ ದಿನ ಮುಗಿದ ಸಂಜೆ ಚಕ್ರ ಬಿಚ್ಚಿ ನೋಡಿದಾಗ ಹೊಸ ಪ್ಯಾಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಪದರ ಉಳಿದಿದ್ದು, ಡಿಸ್ಕಿನಲ್ಲಿ ಬಿರುಕಿಲ್ಲದೆ, ಪೆಡಲು ಗಟ್ಟಿಯಾಗಿದ್ದರೆ ಓಡಿಸಿಕೊಂಡೇ ಬರಬಹುದು. ಪದರ ಮಾತ್ರ ಸವೆದಿದ್ದರೆ ಅಲ್ಲಿಯೇ ಹಳೆಯದನ್ನು ಕೂಡಿಸಿ, ರಾತ್ರಿ ಚೆನ್ನೈಯಲ್ಲಿ ಉಳಿದು ಬೆಳಿಗ್ಗೆ ಹೊರಡಿ. ಪೆಡಲು ಮೆತ್ತಗಾಗಿದ್ದರೆ ಮತ್ತೆ ಬ್ಲೀಡಿಂಗ್ ಮಾಡಿಸದೆ ಹೆದ್ದಾರಿ ಹತ್ತಲೇಬೇಡಿ. ಡಿಸ್ಕ್ ಬಿರುಕು ಬಿಟ್ಟಿದ್ದರೆ ಅದನ್ನು ಬದಲಿಸುವ ತನಕ ಕಾರನ್ನು ಕದಲಿಸಬೇಡಿ.