ಪದ ಬೇಕು: ಮಾಂಸದೊಳಗೆ ಮಸಾಲೆ ನೀರು ಇಳಿಸುವ ಸಿರಿಂಜಿಗೆ

ಗೆಳೆಯರೇ,

ನಾನಿರುವುದು ಅಮೆರಿಕದ ಟೆಕ್ಸಾಸಿನಲ್ಲಿ. ನಮ್ಮೂರಿನ ಕನ್ನಡ ಕೂಟದವರು ಹಬ್ಬದ ಅಡುಗೆಗಳ ಚಿಕ್ಕ ಪುಸ್ತಕವೊಂದನ್ನು ಮಾಡುತ್ತಿದ್ದಾರೆ. ಯುಗಾದಿ ಒಬ್ಬಟ್ಟು, ಸಂಕ್ರಾಂತಿ ಎಳ್ಳಿನ ಜೊತೆಗೆ ಇಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟವೂ ಇರಲಿ ಅಂತ ತೀರ್ಮಾನವಾಯಿತು. ಆ ಊಟದ ಮುಖ್ಯ ಅಡುಗೆಯಾದ ಟರ್ಕಿ ಕೋಳಿಯ ಭಾಗ ನನ್ನ ಪಾಲಿಗೆ ಬಂತು. ಬರೆಯುತ್ತಾ ಬರೆಯುತ್ತಾ ಒಂದು ಸಾಮಾನಿನ ಹತ್ತಿರ ನಿಂತುಬಿಟ್ಟೆ. ಇಲ್ಲಿ ಅದನ್ನು ಮೀಟ್ ಇಂಜೆಕ್ಟರ್ ಅನ್ನುತ್ತಾರೆ. ಅದಕ್ಕೆ ಕನ್ನಡದಲ್ಲಿ ಏನನ್ನೋಣ?

ಇಂಜೆಕ್ಟರ್ ಅಂತಲೇ ಇಟ್ಟುಕೊಳ್ಳಬಹುದಲ್ವಾ ಅಂತ ನೀವು ಕೇಳಬಹುದು. ಮೊದಲು ನಾನೂ ಹಾಗೇ ಅಂದುಕೊಂಡೆ. ಆದರೆ ಹೋದ ವರ್ಷ ಹಬ್ಬದ ಹಿಂದಿನ ರಾತ್ರಿ ಮಂಡ್ಯದಿಂದ ಅಮ್ಮ ಫೋನ್ ಮಾಡಿದ್ದರು. ಏನ್ ಮಾಡ್ತಾ ಇದೀಯಾ ಅಂತ ಕೇಳಿದರು. ಕೋಳಿಗೆ ಇಂಜೆಕ್ಷನ್ ಕೊಡ್ತಾ ಇದೀನಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅದನ್ನ ಮಕ್ಕಳಿಗೆ ಹಾಕಬೇಡ ಕಣೇ" ಅಂದರು.

ಅಮ್ಮ ಹೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ಕಡೆ ಊಟದ ಮಾತಿನಲ್ಲಿ ಇಂಜೆಕ್ಷನ್ ಬಂದರೆ ಅದು ಕಲಬೆರಕೆಯ ಮಾತು. ಇಂಜೆಕ್ಷನ್ ಕೋಳಿ ಅಂದರೆ ಔಷಧಿ ಕೊಟ್ಟು ಬೇಗ ಬೆಳೆಸಿದ್ದಾರೆ ಅಂತ ಜನ ಅನುಮಾನ ಪಡುವ ಫಾರಂ ಕೋಳಿ. ಕಲ್ಲಂಗಡಿ ಒಳಗೆ ಜಾಸ್ತಿ ಕೆಂಪಗಿದ್ದರೂ ಇಂಜೆಕ್ಷನ್ ಕೊಟ್ಟಿರಬೇಕು ಅನ್ನುತ್ತೇವೆ. ಆ ಅನುಮಾನ ನಿಜವೋ ಸುಳ್ಳೋ ಅನ್ನುವುದು ಬೇರೆ ವಿಷಯ. ಪದಕ್ಕೆ ಆ ವಾಸನೆ ಅಂಟಿಕೊಂಡಿದೆ. ಇಂಗ್ಲಿಷಿನ ಅಡುಗೆಮನೆಯಲ್ಲಿ ರುಚಿ ಕೂಡಿಸುವ ಕೆಲಸಕ್ಕೆ ಹೇಳುವ ಪದ ಕನ್ನಡದ ಅಡುಗೆಮನೆಗೆ ಬಂದಾಗ ಹೆದರಿಸುತ್ತದೆ.

ಹಾಗಂತ ಚುಚ್ಚುಮದ್ದು ಅಂದರೆ ಇನ್ನೂ ಕಷ್ಟ. ಅದರಲ್ಲಿ ಮದ್ದು ಇದೆ. ಊಟದಲ್ಲಿ ಮದ್ದು ಹಾಕಿದ್ದಾರೆ, ಕೈಮದ್ದು ಇಟ್ಟಿದ್ದಾರೆ ಅನ್ನುವ ಮಾತು ಕೇಳಿಕೊಂಡು ಬೆಳೆದವರು ನಾವು. ಹಬ್ಬದ ದಿನ ನೆಂಟರಿಗೆ ಬಡಿಸುವ ಕೋಳಿಯ ಹತ್ತಿರ ಆ ಪದ ಸುಳಿಯಬಾರದು.

ಸಾಮಾನು ಹೇಗಿರುತ್ತದೆ ಅಂತ ಹೇಳುತ್ತೇನೆ, ಆಗ ಪದ ಹುಡುಕುವುದು ಸುಲಭ. ನೋಡಲು ಆಸ್ಪತ್ರೆಯ ಸಿರಿಂಜೇ, ಆದರೆ ದಪ್ಪ. ಕೊಳವೆಯಲ್ಲಿ ಸುಮಾರು 60 ಮಿಲಿಲೀಟರ್ ಹಿಡಿಯುತ್ತದೆ. ಹಿಂದೆ ಒತ್ತುವ ಹಿಡಿ. ಮುಂದೆ ತಿರುಗಿಸಿ ಹಾಕುವ ಉಕ್ಕಿನ ಸೂಜಿ. ಅದು ಗೋಣಿಚೀಲ ಹೊಲಿಯುವ ದಬ್ಬಣದಷ್ಟು ದಪ್ಪ, ಒಳಗೆ ಟೊಳ್ಳು. ಒತ್ತುವ ಹಿಡಿಯ ತುದಿಯಲ್ಲಿ ರಬ್ಬರಿನಂಥ ಬಳೆ ಇರುತ್ತದೆ. ಅದಕ್ಕೆ ನಾನು ವಾಷರ್ ಅಂತಲೇ ಬರೆದಿದ್ದೇನೆ, ಸೈಕಲ್ ಪಂಪು ಬಿಚ್ಚಿ ನೋಡಿದವರಿಗೆಲ್ಲ ಅದು ಗೊತ್ತು.

ಇದು ಯಾಕೆ ಬೇಕು ಅಂದರೆ, ಟರ್ಕಿ ನಮ್ಮ ನಾಟಿ ಕೋಳಿಯ ಹಾಗಲ್ಲ. ಇಲ್ಲಿ ಮನೆಗೆ ತರುವ ಹಕ್ಕಿ ಐದಾರು ಕಿಲೋ ತೂಗುತ್ತದೆ. ತುಂಡು ಮಾಡದೆ ಇಡಿಯಾಗಿ ಬೇಯಿಸುತ್ತಾರೆ. ಎದೆಮಾಂಸ ದಪ್ಪ, ಕೊಬ್ಬು ಕಡಿಮೆ, ಬೇಗ ಒಣಗುತ್ತದೆ. ಮೇಲೆ ಹಚ್ಚಿದ ಮಸಾಲೆ ಒಂದು ರಾತ್ರಿ ಇಟ್ಟರೂ ಕೆಲವು ಮಿಲಿಮೀಟರ್‌ಗಿಂತ ಒಳಗೆ ಹೋಗುವುದಿಲ್ಲ. ಉಪ್ಪು ಮಾತ್ರ ನಿಧಾನವಾಗಿ ಒಳಗೆ ಸೇರುತ್ತದೆ, ಬೆಳ್ಳುಳ್ಳಿ, ಮೆಣಸಿನ ಘಮ ಮೇಲೇ ಉಳಿಯುತ್ತದೆ. ಅದಕ್ಕೇ ನಮ್ಮ ಪಕ್ಕದ ರಾಜ್ಯ ಲೂಸಿಯಾನಾ ಕಡೆಯವರು ಕರಗಿಸಿದ ಬೆಣ್ಣೆ, ಬೆಳ್ಳುಳ್ಳಿ, ಈರುಳ್ಳಿ ರಸ, ಖಾರದ ಪುಡಿ ಸೇರಿಸಿ ಸೂಜಿಯಿಂದ ಒಳಗೇ ಬಿಡುತ್ತಾರೆ. ಆಮೇಲೆ ಅಂಗಳದಲ್ಲಿ ದೊಡ್ಡ ಪಾತ್ರೆ ಇಟ್ಟು ಇಡೀ ಹಕ್ಕಿಯನ್ನು ಎಣ್ಣೆಯಲ್ಲಿ ಕರಿಯುವುದೂ ಉಂಟು. ನನಗೆ ಇದನ್ನು ಕಲಿಸಿದ ಪಕ್ಕದ ಮನೆಯ ಅಜ್ಜಿ ಅಲ್ಲಿಯವರೇ.

ಈಗ ಪದಗಳ ವಿಷಯ.

ಪಿಚಕಾರಿ ಎಲ್ಲರಿಗೂ ಗೊತ್ತಿರುವ ಪದ. ಆಕಾರ ಸರಿ, ಒತ್ತುವುದೂ ಸರಿ. ಆದರೆ ಪಿಚಕಾರಿಯಿಂದ ನೀರು ಆಚೆಗೆ ಹಾರುತ್ತದೆ. ಓಕುಳಿ ಎರಚುವ ಸಾಮಾನು ಅದು. ಇಲ್ಲಿ ಒಂದು ಹನಿಯೂ ಆಚೆ ಬರಬಾರದು.

ಹಳೆಗನ್ನಡದಲ್ಲಿ ಜೀರ್ಕೊಳವಿ ಅಂತ ಒಂದು ಪದವಿದೆ. ಜೀರ್ ಅಂತ ನೀರು ಚಿಮ್ಮುವ ಕೊಳವೆ. ನನಗೆ ಈ ಪದದ ಮೇಲೆ ತುಂಬಾ ಪ್ರೀತಿ. ಕಿವಿಗೆ ಬಿದ್ದ ಕೂಡಲೇ ನೀರಿನ ಸದ್ದೂ ಕೇಳುತ್ತದೆ. ಆದರೆ ಅಡುಗೆ ಮಾಡುತ್ತಾ ಪುಸ್ತಕ ನೋಡುವವರು ಅರ್ಥ ಹುಡುಕಿಕೊಂಡು ನಿಲ್ಲಬಾರದು. ಅಲ್ಲದೆ ಇದೂ ಚಿಮ್ಮುವುದೇ, ಪಿಚಕಾರಿಯ ತೊಡಕೇ ಇಲ್ಲೂ ಇದೆ.

ಇನ್ನೊಂದು ಪದ ನಮ್ಮ ಕೊಟ್ಟಿಗೆಯಿಂದ ನೆನಪಾಯಿತು: ಗೊಟ್ಟ. ದನಕ್ಕೆ ಹುಷಾರಿಲ್ಲದಿದ್ದಾಗ ತಾತ ಬಿದಿರಿನ ಕೊಳವೆಯಲ್ಲಿ ಕಷಾಯ ತುಂಬಿ, ಹಸುವಿನ ಮೂತಿ ಮೇಲೆತ್ತಿ, ಬಾಯಿಯ ಪಕ್ಕದಿಂದ ಗಂಟಲಿಗೆ ಹೊಯ್ಯುತ್ತಿದ್ದರು. ಕೊಳವೆಯ ತುದಿ ಓರೆಯಾಗಿ ಕತ್ತರಿಸಿರುತ್ತಿತ್ತು, ಥೇಟ್ ಈ ಸೂಜಿಯ ಬಾಯಿಯ ಹಾಗೆ. ಹೊರಗಿನಿಂದ ಒಳಗೆ ರಸ ಸೇರಿಸುವುದು ಅನ್ನುವ ಅರ್ಥಕ್ಕೆ ನನಗೆ ಸಿಕ್ಕ ಪದಗಳಲ್ಲಿ ಇದೇ ತೀರಾ ಹತ್ತಿರ. ಆದರೆ ಇದೂ ಔಷಧಿಯ ಪದವೇ. ಜೊತೆಗೆ, ಪೇಟೆಯಲ್ಲಿ ಬೆಳೆದ ಎಷ್ಟು ಜನಕ್ಕೆ ಗೊಟ್ಟ ಗೊತ್ತು?

ಹುಡುಕುತ್ತಾ ಹೋದ ಹಾಗೆ ನನಗೆ ಒಂದು ವಿಷಯ ಗಟ್ಟಿಯಾಯಿತು. ಸಾಮಾನಿನ ಹೆಸರಿಗಿಂತ ಕೆಲಸದ ಹೆಸರು ಮುಖ್ಯ. ಸಿರಿಂಜು ಕನ್ನಡದ್ದೇ ಆಗಿಹೋಗಿದೆ. ಕೋನ್ ಸಿಗದಿದ್ದರೆ ಮೆಹೆಂದಿಗೂ ಸಿರಿಂಜು ಬಳಸುತ್ತೇವೆ, ಪ್ರಿಂಟರ್‌ಗೆ ಇಂಕು ತುಂಬುವುದಕ್ಕೂ ಅದೇ. ಸಿರಿಂಜು ಅಂದರೆ ಯಾರೂ ಹೆದರುವುದಿಲ್ಲ. ಹೆದರಿಕೆ ಇರುವುದು ಇಂಜೆಕ್ಷನ್ ಕೊಡು ಅನ್ನುವ ಕ್ರಿಯಾಪದದಲ್ಲಿ. ಅದನ್ನು ಬದಲಾಯಿಸಿದರೆ ಅರ್ಧ ಕೆಲಸ ಆದ ಹಾಗೆ.

ಕ್ರಿಯಾಪದಗಳಿಗೆ ನಮ್ಮಲ್ಲಿ ಬರ ಇಲ್ಲ. ಮಸಾಲೆ ಹಚ್ಚುತ್ತೇವೆ, ಸವರುತ್ತೇವೆ, ಮೊಸರಲ್ಲಿ ನೆನೆಹಾಕುತ್ತೇವೆ, ಮೀನಿಗೆ ಗೀರು ಹಾಕುತ್ತೇವೆ, ಬದನೆಕಾಯಿಗೆ ತುಂಬುತ್ತೇವೆ. ಜಾಮೂನು ಪಾಕ ಎಳೆದುಕೊಳ್ಳುತ್ತದೆ. ಬಿರಿಯಾನಿಯ ಪೀಸು ಬಾಯಿಗಿಟ್ಟ ಕೂಡಲೇ ಉಪ್ಪು ಹಿಡಿದಿಲ್ಲ, ಮಸಾಲೆ ಒಳಗೆ ಇಳಿದಿಲ್ಲ ಅನ್ನುತ್ತೇವೆ. ಈ ಇಳಿ ಅನ್ನುವುದೇ ನನಗೆ ಬೇಕಾಗಿದ್ದ ಪದ. ಮಸಾಲೆ ತಾನಾಗಿ ಇಳಿಯದಿದ್ದರೆ ನಾವು ಇಳಿಸುತ್ತೇವೆ. ಕೋಳಿಗೆ ಮಸಾಲೆ ಇಳಿಸುವುದು. ಹೇಳಿದ ಕೂಡಲೇ ಅಮ್ಮನಿಗೂ ಅರ್ಥವಾಗುತ್ತದೆ. ಊಡಿಸು ಅನ್ನುವುದೂ ಮನಸ್ಸಿಗೆ ಬಂತು, ಹಾಲೂಡಿಸುವ ಹಾಗೆ. ಚೆಂದವೇನೋ ಹೌದು, ಆದರೆ ಕೊಯ್ದ ಕೋಳಿಗೆ ಆ ತಾಯಿ ಪದ ಬಳಸಲು ನನ್ನ ಮನಸ್ಸು ಒಪ್ಪುತ್ತಿಲ್ಲ.

ಹಾಗಾಗಿ ಸಾಮಾನಿಗೆ ಮಸಾಲೆ ಸಿರಿಂಜು, ಒಳಗೆ ಬಿಡುವ ದ್ರವಕ್ಕೆ ಮಸಾಲೆ ನೀರು ಅಂದಿದ್ದೇನೆ. ರಸ ಅಂದರೆ ಹಣ್ಣಿನದು, ಪಾಕ ಅಂದರೆ ಸಿಹಿ, ಸಾರು ಅಂದರೆ ಬಡಿಸಿಕೊಳ್ಳುವುದು.

ಈ ಪದಗಳು ಬರಹದಲ್ಲಿ ನಡೆಯುತ್ತವೆಯಾ ಅಂತ ನೋಡಬೇಕು. ಯಾವ ಸಿರಿಂಜು ಕೊಳ್ಳಬೇಕು ಅನ್ನುವ ಭಾಗವನ್ನು ಹೀಗೆ ಬರೆದಿದ್ದೇನೆ, ದಯವಿಟ್ಟು ಓದಿ:

"ಪ್ಲಾಸ್ಟಿಕ್ಕಿನ ಮಸಾಲೆ ಸಿರಿಂಜು ಅಗ್ಗ, ಎಷ್ಟು ತುಂಬಿದೆ ಅಂತ ಆಚೆಯಿಂದ ಕಾಣುತ್ತದೆ. ಆದರೆ ಅರಿಶಿನ, ಖಾರದ ಪುಡಿಯ ಕಲೆ ಹೋಗುವುದಿಲ್ಲ, ಜೋರಾಗಿ ಒತ್ತಿದರೆ ಸೀಳಲೂಬಹುದು. ವರ್ಷಕ್ಕೆ ಒಂದೇ ಸಲ ಬಳಸುವುದಾದರೂ ಸ್ಟೀಲಿನದೇ ತೆಗೆದುಕೊಳ್ಳಿ. ಜೊತೆಗೆ ಎರಡು ಥರದ ಸೂಜಿ ಇದೆಯೇ ನೋಡಿ. ಒಂದರ ತುದಿ ಮುಚ್ಚಿದ್ದು, ಪಕ್ಕದಲ್ಲಿ ಸಾಲಾಗಿ ತೂತುಗಳಿರುತ್ತವೆ. ತೆಳುವಾದ ಮಸಾಲೆ ನೀರು ಇದರಿಂದ ಸುತ್ತಲೂ ಹರಡುತ್ತದೆ. ಇನ್ನೊಂದರ ತುದಿ ಓರೆ, ಬಾಯಿ ತೆರೆದದ್ದು. ಬೆಳ್ಳುಳ್ಳಿ ಚೂರು, ಸೊಪ್ಪಿನ ಚೂರು ಇದ್ದರೆ ಇದು. ಬಿಡಿ ವಾಷರ್ ಕೊಟ್ಟಿದ್ದಾರಾ ಅಂತಲೂ ನೋಡಿ, ಮೊದಲು ಹಾಳಾಗುವುದು ಅದೇ. ಬಳಸುವ ಮುಂಚೆ ಅದಕ್ಕೆ ಒಂದು ಹನಿ ಎಣ್ಣೆ ಸವರಿದರೆ ಹಿಡಿ ನುಣ್ಣಗೆ ಓಡುತ್ತದೆ. ಸೂಜಿ ತೊಳೆಯಲು ತೆಳು ಬ್ರಶ್ ಬೇಕೇ ಬೇಕು.

ಪಕ್ಕದಲ್ಲಿ ತೂತಿರುವ ಸೂಜಿಗಾದರೆ ಮಸಾಲೆ ನೀರನ್ನು ಸೋಸಿ. ಬೆಣ್ಣೆ ಇದ್ದರೆ ಬೆಚ್ಚಗಿರಲಿ, ತಣ್ಣಗಾದರೆ ಸೂಜಿಯಲ್ಲೇ ಗಟ್ಟಿಯಾಗುತ್ತದೆ. ಅರ್ಧ ಕಿಲೋ ಮಾಂಸಕ್ಕೆ 30 ಮಿಲಿಲೀಟರ್ ಲೆಕ್ಕ ಸಾಕು. ಒಂದೇ ತೂತಿನಿಂದ ಸೂಜಿಯನ್ನು ಮೂರು ದಿಕ್ಕಿಗೆ ತಿರುಗಿಸಿ ಇಳಿಸಿ. ಹಿಂದಕ್ಕೆ ಎಳೆಯುತ್ತಾ ನಿಧಾನವಾಗಿ ಒತ್ತಿ. ಒಂದೇ ಜಾಗಕ್ಕೆ ತುಂಬಿದರೆ ಅಲ್ಲೇ ಗುಳ್ಳೆಯ ಹಾಗೆ ನಿಲ್ಲುತ್ತದೆ. ಕೋಳಿ ತರುವಾಗ ಚೀಟಿ ಓದಿ. ಅಂಗಡಿಯ ಎಷ್ಟೋ ಟರ್ಕಿಗಳಿಗೆ ಉಪ್ಪುನೀರು ಮೊದಲೇ ಇಳಿಸಿರುತ್ತಾರೆ, ಅಂಥದ್ದಕ್ಕೆ ಮತ್ತೆ ಉಪ್ಪು ಹಾಕಬೇಡಿ. ಹಸಿ ಮಾಂಸಕ್ಕೆ ತಾಗಿದ ಸೂಜಿ ಅದ್ದಿದ ಮಸಾಲೆ ನೀರು ಉಳಿದರೆ ಚೆಲ್ಲಿ. ಬೆಂದ ಮೇಲೆ ಒಳಗಿನ ಶಾಖ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು."

ಇಷ್ಟರಲ್ಲಿ ಇಂಜೆಕ್ಷನ್ ಅನ್ನುವ ಪದ ಒಂದು ಸಲವೂ ಬೇಕಾಗಲಿಲ್ಲ. ಓದಿದವರಿಗೆ ಎಲ್ಲೂ ತಡೆ ಅನ್ನಿಸದಿದ್ದರೆ ನನಗೆ ಅಷ್ಟು ಸಾಕು.

ಹಕ್ಕಿಯ ಹೆಸರನ್ನು ಟರ್ಕಿ ಕೋಳಿ ಅಂತಲೇ ಬಿಟ್ಟಿದ್ದೇನೆ. ಇದಕ್ಕೂ ಕನ್ನಡ ಪದ ಕೊಡಬೇಕಿತ್ತು ಅಂತ ಕೂಟದ ಒಬ್ಬರು ಅಂದರು. ಆದರೆ ಈ ಹಕ್ಕಿಗೆ ಎಷ್ಟೋ ಊರುಗಳಲ್ಲಿ ತನ್ನ ಊರಿನ ಹೆಸರಿಲ್ಲ. ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಇಂಗ್ಲಿಷಿನವರು ಅದನ್ನು ಟರ್ಕಿ ದೇಶಕ್ಕೆ ಕಟ್ಟಿದರು. ಟರ್ಕಿಯವರು ಅದನ್ನು ಹಿಂದಿ ಅನ್ನುತ್ತಾರೆ, ಅಂದರೆ ನಮ್ಮ ದೇಶದ್ದು ಅಂತ. ಡಚ್ಚರ ಕಾಲ್ಕೂನ್ ಅನ್ನುವ ಹೆಸರು ಬಂದಿದ್ದು ಕಲ್ಲಿಕೋಟೆಯಿಂದ. ಸಿಂಹಳದ ಕಳುಕುಮಾ ಕೂಡ ಆ ಡಚ್ ಪದದಿಂದಲೇ. ಪೋರ್ಚುಗೀಸರಿಗೆ ಅದು ಪೆರು, ಹಿಂದಿ ಭಾಷೆಯಲ್ಲಿ ಪೀರು. ಇಷ್ಟು ಊರು ಸುತ್ತಿದ ಹಕ್ಕಿಗೆ ಟರ್ಕಿ ಕೋಳಿ ಅನ್ನುವ ಹೆಸರು ಈಗಾಗಲೇ ಕನ್ನಡದಲ್ಲಿ ನಿಂತಿದೆ, ಅದನ್ನು ಅಲುಗಿಸುವುದು ಬೇಡ.

ನಿಮ್ಮನ್ನು ಕೇಳಬೇಕಾದ್ದು ಇಷ್ಟು. ಮಸಾಲೆ ಇಳಿಸು ಅಂದರೆ ನಿಮ್ಮ ಕಡೆ ಬೇರೇನಾದರೂ ಅರ್ಥ ಬರುತ್ತದೆಯಾ? ಒಲೆಯಿಂದ ಪಾತ್ರೆ ಇಳಿಸುವುದಕ್ಕೂ ಅದೇ ಪದ ಇರುವುದರಿಂದ ಗೊಂದಲ ಆಗಬಹುದಾ? ಮಂಗಳೂರು, ಕೊಡಗು, ಉತ್ತರ ಕರ್ನಾಟಕದ ಮನೆಗಳಲ್ಲಿ ಕೋಳಿ, ಹಂದಿ, ಕುರಿ ಮಾಂಸಕ್ಕೆ ಮಸಾಲೆ ಒಳಗೆ ಸೇರಿಸುವುದಕ್ಕೆ ಏನನ್ನುತ್ತಾರೆ? ಇನ್ನು ದನ ಕಟ್ಟಿದ ಮನೆಯವರು ದಯವಿಟ್ಟು ಹೇಳಿ, ನಿಮ್ಮಲ್ಲಿ ಗೊಟ್ಟ ಹಾಕುವುದು ಅನ್ನುತ್ತಾರಾ, ಎತ್ತುವುದು ಅನ್ನುತ್ತಾರಾ, ಹೊಯ್ಯುವುದು ಅನ್ನುತ್ತಾರಾ? ಪುಸ್ತಕದಲ್ಲಿ ಅದು ಬರದಿದ್ದರೂ ನನಗೆ ತಿಳಿದುಕೊಳ್ಳುವ ಆಸೆ. ಈ ಸಲ ಅಮ್ಮ ಫೋನ್ ಮಾಡಿದಾಗ ಅವರನ್ನೂ ಕೇಳುತ್ತೇನೆ.