ಟಾಸ್ಕರ್‌ನಲ್ಲಿ ಸುದ್ದಿ ಓದಿಸ್ತಾ ಇದ್ದೇನೆ, ಆದರೆ ಹಳೇ ಸುದ್ದಿಯೇ ಮತ್ತೆ ಮತ್ತೆ ಬರುತ್ತದೆ

ಬಯಲುಸೀಮೆ_ಹುಡುಗ:
ಅಪ್ಪನಿಗೆ ಕಣ್ಣಿನ ಆಪರೇಷನ್ ಆದ ಮೇಲೆ ಪೇಪರ್ ಓದುವುದು ಕಷ್ಟವಾಗಿದೆ. ಟಿವಿ ಹಾಕಿದರೆ ಆ ಕಿರುಚಾಟ ಬೇಡ ಅಂತಾರೆ. ಅದಕ್ಕೇ ಒಂದು ಹಳೇ ಆಂಡ್ರಾಯ್ಡ್ ಫೋನಿಗೆ ಟಾಸ್ಕರ್ (ಹೇಳಿಟ್ಟ ಕೆಲಸಗಳನ್ನು ಫೋನ್ ತಾನಾಗಿಯೇ ಮಾಡುವಂತೆ ಮಾಡುವ ಆ್ಯಪ್) ಹಾಕಿ, ಎರಡು ಕನ್ನಡ ಪತ್ರಿಕೆಗಳ ಆರ್‌ಎಸ್‌ಎಸ್ ಫೀಡ್ (ಹೊಸ ಸುದ್ದಿಗಳ ಪಟ್ಟಿ, ಆ್ಯಪ್‌ಗಳು ಓದಿಕೊಳ್ಳುವಂಥದ್ದು) ಮತ್ತು ಒಂದು ಯೂಟ್ಯೂಬ್ ಚಾನೆಲ್‌ನ ಫೀಡ್ ತರಿಸಿ, ಬೆಳಿಗ್ಗೆ 6:30ಕ್ಕೆ ಹೆಡ್‌ಲೈನ್‌ಗಳನ್ನು ಗಟ್ಟಿಯಾಗಿ ಓದುವ ಹಾಗೆ ಮಾಡಿದ್ದೇನೆ.

ಓದುತ್ತದೆ, ಆದರೆ ನಿನ್ನೆ ಓದಿದ್ದನ್ನೇ ಇವತ್ತೂ ಓದುತ್ತದೆ. ಓದಿದ್ದನ್ನೆಲ್ಲ ಒಂದು ವೇರಿಯಬಲ್‌ನಲ್ಲಿ (ಮಾಹಿತಿ ಇಟ್ಟುಕೊಳ್ಳುವ ಹೆಸರಿಟ್ಟ ಡಬ್ಬಿ ಇದ್ದ ಹಾಗೆ) ಇಟ್ಟಿದ್ದೇನೆ, ಆದರೂ ಹೀಗೆ. ಬೇಸತ್ತು ಇವತ್ತಿನ ತಾರೀಖಿನದ್ದು ಮಾತ್ರ ಬರಲಿ ಅಂತ ಫಿಲ್ಟರ್ ಹಾಕಿದೆ, ಆಗ ಒಂದು ಪತ್ರಿಕೆಯದ್ದು ಹೆಚ್ಚುಕಮ್ಮಿ ಖಾಲಿ. ಯೂಟ್ಯೂಬ್‌ನಿಂದ ಮೊದಲಿನಿಂದಲೂ ಏನೂ ಬಂದಿಲ್ಲ. ಕೆಲವು ದಿನ ಫೋನ್ ಕೈಗೆತ್ತಿಕೊಳ್ಳುವವರೆಗೂ ಬಾಯಿಯೇ ಬಿಡಲ್ಲ.

ರಾಗಿಮುದ್ದೆ_ಕೋಡರ್:
ವೇರಿಯಬಲ್ ಹೆಸರು ಪೂರ್ತಿ ಸಣ್ಣ ಅಕ್ಷರದಲ್ಲಿದೆಯಾ? ಹಾಗಿದ್ದರೆ ಅದು ಲೋಕಲ್, ಟಾಸ್ಕ್ ಮುಗಿದ ಕೂಡಲೇ ಅಳಿಸಿಹೋಗುತ್ತದೆ. ಹೆಸರಲ್ಲಿ ಒಂದಾದರೂ ಕ್ಯಾಪಿಟಲ್ ಅಕ್ಷರ ಇರಲಿ, ಆಗ ಗ್ಲೋಬಲ್ ಆಗಿ ಉಳಿಯುತ್ತದೆ. ನಾನು ಇದೇ ತಪ್ಪು ಮಾಡಿ ಒಂದು ಭಾನುವಾರ ಪೂರ್ತಿ ತಲೆ ಚಚ್ಚಿಕೊಂಡಿದ್ದೇನೆ.

ಇನ್ನೊಂದು, ಹೆಡ್‌ಲೈನ್ ನೋಡಿ ಹೊಸದಾ ಹಳೇದಾ ಅಂತ ತೀರ್ಮಾನಿಸಬೇಡಿ, ಪತ್ರಿಕೆಯವರು ಅದನ್ನು ಆಮೇಲೆ ತಿದ್ದುತ್ತಾ ಇರುತ್ತಾರೆ. ಫೀಡ್‌ನ ಪ್ರತಿ ಐಟಂ, ಅಂದರೆ ಒಂದೊಂದು ಸುದ್ದಿಯ ಒಳಗೆ ಸಾಮಾನ್ಯವಾಗಿ ‘ಜಿಯುಐಡಿ’ ಅಂತ ಆ ಸುದ್ದಿಗೇ ಮೀಸಲಾದ ಗುರುತಿನ ಒಂದು ಟ್ಯಾಗ್ ಇರುತ್ತದಲ್ವಾ, ಅದನ್ನು ಹೋಲಿಸಿ. ಯೂಟ್ಯೂಬ್ ಫೀಡ್ ಆರ್‌ಎಸ್‌ಎಸ್ ಅಲ್ಲ, ಆಟಮ್ ಅಂತ ಇನ್ನೊಂದು ನಮೂನೆಯದ್ದು. ಅದರಲ್ಲಿ ‘ಐಟಂ’ ಟ್ಯಾಗೇ ಇಲ್ಲ, ‘ಎಂಟ್ರಿ’ ಇರುತ್ತದೆ, ಜಿಯುಐಡಿ ಬದಲು ‘ಐಡಿ’. ನೀವು ಐಟಂ ಹುಡುಕುತ್ತಾ ಕೂತರೆ ಎಲ್ಲಿಂದ ಸಿಗಬೇಕು!

ತೆಂಗಿನತೋಟ:
ತಾರೀಖಿನ ಫಿಲ್ಟರ್ ತೆಗೆದುಬಿಡಿ. ಎಷ್ಟೋ ಫೀಡ್‌ಗಳಲ್ಲಿ ಸಮಯ ಜಿಎಂಟಿಯಲ್ಲಿರುತ್ತದೆ, ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮಲ್ಲಿ ರಾತ್ರಿ 12ರಿಂದ ಬೆಳಿಗ್ಗೆ 5:30ರ ತನಕ ಹಾಕಿದ ಸುದ್ದಿಗೆಲ್ಲ ಅಲ್ಲಿ ನಿನ್ನೆಯ ತಾರೀಖೇ ಇರುತ್ತದೆ. ನಿಮ್ಮ ಅಪ್ಪನಿಗೆ ಬೇಕಾದ್ದು ಅದೇ ಹೊತ್ತಿನ ಸುದ್ದಿ ತಾನೆ?

ಫೋನ್ ಮಲಗುವುದು ಬೇರೆ ಕಥೆ. ಆಂಡ್ರಾಯ್ಡ್ 6ರಿಂದ ಡೋಜ್ ಅಂತ ಬ್ಯಾಟರಿ ಉಳಿಸುವ ವ್ಯವಸ್ಥೆ ಬಂದಿದೆ, ಅಲ್ಲಾಡದೆ ಬಿದ್ದ ಫೋನ್ ಹಿನ್ನೆಲೆ ಕೆಲಸಗಳನ್ನೆಲ್ಲ ಮುಂದೂಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಟಾಸ್ಕರ್‌ಗೆ ಬ್ಯಾಟರಿ ಆಪ್ಟಿಮೈಸೇಷನ್ ಆಫ್ ಮಾಡಿ. ಕೆಲವು ಕಂಪನಿಗಳ ಫೋನ್‌ನಲ್ಲಿ ಆಟೋಸ್ಟಾರ್ಟ್ ಅಂತ ಇನ್ನೊಂದು ಬೀಗ ಇರುತ್ತದೆ, ಅದನ್ನೂ ತೆಗೀಬೇಕು.

ಸುಮ್ನೆ_ಕೇಳ್ತೀನಿ:
ಇಷ್ಟೆಲ್ಲಾ ಯಾಕೆ ಸ್ವಾಮಿ, ಫೀಡರ್ ಅಂತ ಫೀಡ್ ತೋರಿಸುವ ಒಂದು ಓಪನ್ ಸೋರ್ಸ್ ಆ್ಯಪ್ ಇದೆ, ಫ್ರೀ, ಹಾಕಿ ಮುಗಿಸಿ. ಫೀಡ್ ಓದುವ ಗೂಗಲ್ ರೀಡರ್ 2013ರಲ್ಲಿ ಮುಚ್ಚಿದ ಮೇಲೆ ನಾನೂ ಸ್ವಂತ ರೀಡರ್ ಕಟ್ಟೋಕೆ ಹೋಗಿ ಕೈಬಿಟ್ಟವನೇ.

ಬಯಲುಸೀಮೆ_ಹುಡುಗ:
ಫೀಡರ್ ನೋಡಿದ್ದೇನೆ, ಚೆನ್ನಾಗಿದೆ, ಆದರೆ ಅಪ್ಪ ಅದನ್ನು ತೆರೆಯಬೇಕಲ್ಲ. ಮುಟ್ಟದೆಯೇ ಮಾತಾಡಬೇಕು, ಅದಕ್ಕೇ ಈ ಒದ್ದಾಟ.

ವೇರಿಯಬಲ್ ಹೆಸರು ಸಣ್ಣಕ್ಷರದಲ್ಲೇ ಇತ್ತು, ನಾಚಿಕೆಯಾಯಿತು. ಈಗ ಮೂರೂ ಫೀಡ್ ಬರುತ್ತಿವೆ, ಮೂರು ದಿನದಿಂದ ಹೊತ್ತಿಗೆ ಸರಿಯಾಗಿ ಓದುತ್ತಿದೆ. ಅಪ್ಪನದು ಒಂದೇ ದೂರು: ‘ಆ ಹುಡುಗಿಗೆ ಉಸಿರಾಡೋಕೆ ಹೇಳೋ, ಮಳೆ ಸುದ್ದಿ ಎಲ್ಲಿ ಮುಗೀತು ಕ್ರಿಕೆಟ್ ಎಲ್ಲಿ ಶುರುವಾಯ್ತು ಗೊತ್ತೇ ಆಗಲ್ಲ.’

ರಾಗಿಮುದ್ದೆ_ಕೋಡರ್:
ಹೆಡ್‌ಲೈನ್ ಕೊನೆಗೆ ಪೂರ್ಣವಿರಾಮ ಇರಲ್ಲ, ಎಲ್ಲ ಸೇರಿಸಿ ಕೊಟ್ಟರೆ ಒಂದೇ ವಾಕ್ಯ ಅಂದುಕೊಂಡು ಓದುತ್ತದೆ. ಫಾರ್ ಲೂಪ್ (ಪಟ್ಟಿಯ ಪ್ರತಿಯೊಂದಕ್ಕೂ ಅದೇ ಕೆಲಸ ಮಾಡಿಸುವ ವಿಧಾನ) ಒಳಗೆ ಒಂದೊಂದಾಗಿ ಓದಿಸಿ, ನಡುವೆ 2 ಸೆಕೆಂಡ್ ವೇಯ್ಟ್ ಹಾಕಿ. ಅಪ್ಪನಿಗೆ ಕಾಫಿ ಗುಟುಕರಿಸೋಕೂ ಪುರಸೊತ್ತು ಸಿಗುತ್ತದೆ.